ಸಣ್ಣ ವಿಮಾನದ ಇಂಧನ ಲೆಕ್ಕ: ಹಾರಾಟದ ತರಬೇತುದಾರರೊಂದಿಗೆ ಪ್ರಶ್ನೋತ್ತರ

ವಿದ್ಯಾರ್ಥಿ, ಫ್ಲೋರಿಡಾ: ನಮಸ್ಕಾರ ಸರ್. ಬಳಕೆಗೆ 40 ಗ್ಯಾಲನ್, ಅಂದರೆ ಸುಮಾರು 151 ಲೀಟರ್ ಸಿಗುವ ಹಳೆಯ ಸೆಸ್ನಾ 172ರಲ್ಲಿ 300 ನಾಟಿಕಲ್ ಮೈಲಿ ಹಾರಿದೆ. ಎದುರುಗಾಳಿ 10 ನಾಟ್ (ಗಂಟೆಗೆ 10 ನಾಟಿಕಲ್ ಮೈಲಿ) ಎಂದುಕೊಂಡಿದ್ದೆ, 30 ಇತ್ತು. ಎಂಜಿನ್‌ಗೆ ಹೋಗುವ ಗಾಳಿ-ಇಂಧನದ ಮಿಶ್ರಣವನ್ನು (ಮಿಕ್ಸ್ಚರ್) ಪೂರ್ತಿ ರಿಚ್‌ನಲ್ಲೇ, ಅಂದರೆ ಇಂಧನ ಹೆಚ್ಚಿರುವಂತೆಯೇ ಬಿಟ್ಟಿದ್ದೆ. ಇಳಿದ ಮೇಲೆ ಅಳತೆಕಡ್ಡಿಯ ತುದಿಯಷ್ಟೇ ಒದ್ದೆಯಾಗಿತ್ತು; ತುಂಬಿಸಿದಾಗ 39 ಗ್ಯಾಲನ್ ಹಿಡಿಯಿತು.

ತರಬೇತುದಾರರು: ಓದಿ ನಿಜಕ್ಕೂ ಭಯವಾಯಿತು. ನಿಮಗೆ ಉಳಿದಿದ್ದು ಆರು ನಿಮಿಷದ ಹಾರಾಟ. 110 ನಾಟ್ ವೇಗದ ವಿಮಾನಕ್ಕೆ ನೀವು ಎಣಿಸಿದ ಗಾಳಿಯಲ್ಲಿ ಮೂರು ಗಂಟೆಯ ಹಾದಿ. 30 ನಾಟ್ ಗಾಳಿಯಲ್ಲಿ ನೆಲದ ಮೇಲಿನ ವೇಗ 80ಕ್ಕೆ ಇಳಿದು ಅದು ಮೂರು ಮುಕ್ಕಾಲು ಗಂಟೆಯಾಯಿತು. ಲೀನ್ ಮಾಡಿದ್ದರೆ, ಅಂದರೆ ಮಿಶ್ರಣದಲ್ಲಿ ಇಂಧನ ಕಡಿಮೆ ಮಾಡಿದ್ದರೆ, ಗಂಟೆಗೆ ಎಂಟೂವರೆ ಗ್ಯಾಲನ್ ಸಾಕಾಗುತ್ತಿದ್ದಲ್ಲಿ ಹತ್ತು ಸುಟ್ಟಿದ್ದೀರಿ. ಎರಡರಲ್ಲಿ ಒಂದೇ ತಪ್ಪಾಗಿದ್ದರೆ ಮುಕ್ಕಾಲು ಗಂಟೆಯ ಇಂಧನವಾದರೂ ಉಳಿಯುತ್ತಿತ್ತು. ದಾರಿಯಲ್ಲಿ ನೆಲದ ಮೇಲಿನ ಮೊದಲ ಗುರುತನ್ನು ದಾಟಿದ ಸಮಯ ಬರೆದುಕೊಂಡಿದ್ದರೆ, 25 ಮೈಲಿಗೆ 15 ನಿಮಿಷದ ಬದಲು 19 ಹಿಡಿದದ್ದು ಅಲ್ಲೇ ಕಾಣುತ್ತಿತ್ತು. ಒಂದು ಗಂಟೆಯ ಇಂಧನ ಉಳಿಸಿಕೊಂಡು ಇಳಿಯಲಾಗದೆಂದು ಲೆಕ್ಕ ತೋರಿಸಿದ ಕೂಡಲೇ ನಡುವಿನ ನಿಲ್ದಾಣದಲ್ಲಿ ಇಳಿಯಬೇಕು.

ಸದಸ್ಯರು, ಹುಬ್ಬಳ್ಳಿ: ಗೇಜ್ ಸೊನ್ನೆ ತೋರಿಸಿದರೆ ರೆಕ್ಕೆ ಅಲುಗಾಡಿಸಿ, ಇನ್ನೂ 15 ನಿಮಿಷ ಹಾರಬಹುದು ಎಂಬ ಸಂದೇಶ ಬಂದಿದೆ. ನಿಜವೇ?

ತರಬೇತುದಾರರು: ಇದನ್ನು ಯಾರಿಗೂ ಕಳುಹಿಸಬೇಡಿ. ಜೀವ ಹೋಗುತ್ತದೆ.

ಸದಸ್ಯರು, ಮೈಸೂರು: ಕಾರಿನ ಇ20 ಪೆಟ್ರೋಲನ್ನು (ಶೇ. 20 ಎಥನಾಲ್ ಬೆರೆಸಿದ್ದು) ಸಣ್ಣ ವಿಮಾನಗಳ ರೋಟ್ಯಾಕ್ಸ್ 912 ಎಂಜಿನ್‌ಗೆ ಹಾಕಬಹುದೇ? ಅಗ್ಗವಾಗುತ್ತದೆ.

ತರಬೇತುದಾರರು: ತಯಾರಕರು ಒಪ್ಪಿರುವುದು ಶೇ. 10ರಷ್ಟು ಎಥನಾಲ್‌ವರೆಗೆ ಮಾತ್ರ. ಬೇಡ.

ಸದಸ್ಯರು, ಹುಬ್ಬಳ್ಳಿ: ಟ್ಯಾಂಕಿನಲ್ಲಿ ಇಂಧನವಿದ್ದರೆ ಎಂಜಿನ್ ನಿಲ್ಲುವುದಿಲ್ಲವಲ್ಲ?

ಸದಸ್ಯರು, ಡಲ್ಲಾಸ್: ನಿಲ್ಲುತ್ತದೆ. 1997ರಲ್ಲಿ ಗಾಯಕ ಜಾನ್ ಡೆನ್ವರ್ ಲಾಂಗ್-ಇಜೆಡ್ ವಿಮಾನದಲ್ಲಿ ಸತ್ತದ್ದು, ಎಡ ಭುಜದ ಹಿಂದಿದ್ದ ಯಾವ ಟ್ಯಾಂಕಿನಿಂದ ಇಂಧನ ಬರಬೇಕೆಂದು ಆರಿಸುವ ಹಿಡಿಯನ್ನು ತಿರುಗಿಸಲು ಹೋಗಿ. ಓದದೆ ಮಾತನಾಡಬೇಡಿ.

ಸದಸ್ಯರು, ಹುಬ್ಬಳ್ಳಿ: ಕೇಳಿದ್ದೂ ತಪ್ಪೇ? ನಿಮ್ಮನ್ನು ಕೇಳಿರಲಿಲ್ಲ.

ಸದಸ್ಯರು, ಡಲ್ಲಾಸ್: ರೆಕ್ಕೆ ಅಲುಗಾಡಿಸುವ ಸಂದೇಶ ತಂದವರು ನೀವೇ.

ಸದಸ್ಯರು, ಪುಣೆ: ಡೀಸೆಲ್ ಎಂಜಿನ್‌ಗೂ ಇದೇ ಲೆಕ್ಕವೇ ಸರ್?

ಸದಸ್ಯರು, ಮಂಗಳೂರು: ಎಷ್ಟು ಹೊತ್ತಿನ ಇಂಧನ ಉಳಿಸಬೇಕು ಸರ್?

ತರಬೇತುದಾರರು: ಮೇಲೆ ಬರೆದಿದ್ದೇನೆ. ಅಮೆರಿಕದ ನಿಯಮದಲ್ಲಿ ಹೊರಗೆ ಕಣ್ಣಿನಿಂದ ನೋಡಿಕೊಂಡು ಮಾಡುವ ಹಾರಾಟಕ್ಕೆ ಹಗಲು 30, ರಾತ್ರಿ 45 ನಿಮಿಷ. ನಾನು ಯಾವಾಗಲೂ ಒಂದು ಗಂಟೆ ಇಡುತ್ತೇನೆ. ಜಗಳವಾಡುವವರು ದಯವಿಟ್ಟು ಬೇರೆಡೆ ಹೋಗಿ. ಫ್ಲೋರಿಡಾದವರೇ, ಮತ್ತೆ ಹಾರುವ ಮುನ್ನ ಆ ದಿನದ ಲೆಕ್ಕದ ಹಾಳೆಯನ್ನು ನನಗೆ ಕಳುಹಿಸಿ.