ಹತ್ತು ನಿಮಿಷದಲ್ಲಿ ಪೋಸ್ಟರ್ ಸಂಶೋಧನೆ ಮಂಡಿಸೋದು ಹೇಗೆ?

ಪ್ರಶ್ನೆ (ಮಾಟುಂಗಾ, ಮುಂಬಯಿ): ಕೈಯಿಂದ ಚಿತ್ರಿಸಿದ ಹಿಂದಿ ಸಿನಿಮಾ ಪೋಸ್ಟರ್‌ಗಳ ಬಗ್ಗೆ ಬಿಎ ಕೊನೇ ವರ್ಷದ ಪ್ರಬಂಧ. ಸಹಪಾಠಿಗಳೆದುರು 10 ನಿಮಿಷ ಮಂಡನೆ, 5 ನಿಮಿಷ ಪ್ರಶ್ನೋತ್ತರ. ಸ್ಲೈಡ್ 32 ಆಗಿವೆ. ಯಾವುದನ್ನು ಬಿಡಲಿ?

ಉತ್ತರ 1: ಇತಿಹಾಸದ ಸ್ಲೈಡ್‌ಗಳನ್ನೆಲ್ಲ ಬಿಡಿ, 10 ಸಾಕು. ಮೊದಲ ನಿಮಿಷದಲ್ಲೇ ನಿಮ್ಮ ಪ್ರಶ್ನೆ ಏನೆಂದು ಹೇಳಿಬಿಡಿ. ಆಮೇಲೆ ಒಂದೇ ಪೋಸ್ಟರನ್ನು ತೆರೆತುಂಬ ಹಾಕಿ. ಮುಂದಿನ ಸ್ಲೈಡ್‌ನಲ್ಲಿ ಅದರ ಮುಖವನ್ನಷ್ಟೇ ಹಿಗ್ಗಿಸಿ. ಕೆನ್ನೆಯ ನೆರಳಿಗೆ ಕಪ್ಪಿನ ಬದಲು ಹಸಿರು, ನೀಲಿ ಎಳೆದಿದ್ದರೆ ಆ ದಪ್ಪ ಕುಂಚದ ಗೆರೆ ಎದ್ದು ಕಾಣುತ್ತದೆ. ಅರ್ಧ ನಿಮಿಷ ಸುಮ್ಮನಿದ್ದು ನೋಡಲು ಬಿಡಿ, ನಂತರ ವಾದ ಶುರುಮಾಡಿ. ಪೋಸ್ಟರ್ ಕಲಾವಿದ ಬಿಡಿಸಿದ ಮೂಲಚಿತ್ರದಿಂದ ಅಚ್ಚಾದದ್ದು, ಹೋರ್ಡಿಂಗ್ ನೇರವಾಗಿ ಬಟ್ಟೆಯ ಮೇಲೆ ಬರೆದದ್ದು. ಎರಡನ್ನೂ ಬೆರೆಸಿದರೆ ವಾದವೇ ಸಡಿಲವಾಗುತ್ತದೆ.

ಉತ್ತರ 2: ಕನ್ನಡ ಸಾಲುಗಳಿದ್ದರೆ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ನುಡಿ ಫಾಂಟ್ ಕಾಲೇಜಿನ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಅಕ್ಷರ ಕಲಸಿಹೋಗುತ್ತವೆ. ಪಿಡಿಎಫ್ ಪ್ರತಿಯೂ ಪೆನ್‌ಡ್ರೈವ್‌ನಲ್ಲಿರಲಿ, ವಿಡಿಯೊ ಬೇರೆ ಫೈಲಾಗಿ ಇಡಿ. ತೆರೆಯ ಹತ್ತಿರದ ದೀಪ ಆರಿಸಿ, ಇಲ್ಲದಿದ್ದರೆ ಪೋಸ್ಟರಿನ ಆ ಹಸಿರು ಬೂದು ಬಣ್ಣವಾಗಿ ಕಾಣುತ್ತದೆ.

ಉತ್ತರ 3: ಚಿತ್ರದಡಿ ವರ್ಷ, ಕಲಾವಿದ, ಸಂಗ್ರಹ ಮೂರೂ ಬರಲಿ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ (ಸ್ಥಾಪನೆ 1964) ಪೋಸ್ಟರ್‌ಗಳೂ ಇವೆ. ಬಳಸುವ ಮುನ್ನ ಅನುಮತಿ ಕೇಳಿ. ಕಲಾವಿದರ ಹೆಸರು ಸಿಗದಿದ್ದರೆ ಜಾಗ ಖಾಲಿ ಬಿಡಬೇಡಿ, ‘ಅಜ್ಞಾತ’ ಎಂದು ಬರೆಯಿರಿ.