ಆದಿಸಭೆಯಲ್ಲಿ ಪಾಸ್ಟರನ್ನು ಲೆಕ್ಕ ಕೇಳಬಹುದಿತ್ತಾ? (ನಮ್ಮ ಸಭೆಯ ಸೈಟ್ ವಿಷಯ)

ಸಿರಾಗೇಟ್ ಹುಡುಗ

ಎಲ್ಲರಿಗೂ ವಂದನೆಗಳು. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ತುಮಕೂರಿನವನು, ವಸಂತನರಸಾಪುರದಲ್ಲಿ ಕೆಲಸ. ನಾವು ಹೋಗುವುದು ಒಂದು ಸಣ್ಣ ಸ್ವತಂತ್ರ ಸಭೆಗೆ, ಅಂದರೆ ಚರ್ಚಿಗೆ. ಶೀಟ್ ಹಾಕಿದ ಬಾಡಿಗೆ ಶೆಡ್, ಐವತ್ತು ಅರವತ್ತು ಮನೆಯವರು. ಪಾಸ್ಟರ್ ಒಳ್ಳೆಯವರೇ. ನಮ್ಮಪ್ಪ ಆಸ್ಪತ್ರೆಯಲ್ಲಿದ್ದಾಗ ಎರಡು ರಾತ್ರಿ ಹೊರಗೆ ಬೆಂಚಿನ ಮೇಲೆ ಮಲಗಿದ್ದರು, ಅದನ್ನು ನಾನು ಮರೆಯುವವನಲ್ಲ. ಆದರೆ ಮೂರು ವರ್ಷದಿಂದ ಕಟ್ಟಡ ನಿಧಿ ಅಂತ ದುಡ್ಡು ಕೂಡಿಸುತ್ತಿದ್ದೇವೆ. ಹೋದ ತಿಂಗಳು ಸೈಟ್ ನೋಡಿ ಅಡ್ವಾನ್ಸ್ ಕೊಟ್ಟಿದ್ದಾರೆ, ಅಗ್ರಿಮೆಂಟ್ ಅವರ ಹೆಸರಿಗೇ ಆಗಿದೆ. ನಾನು ಒಬ್ಬನೇ ಹೋಗಿ ಮೆತ್ತಗೆ ಕೇಳಿದೆ, ಎಷ್ಟು ಬಂತು ಎಷ್ಟು ಹೋಯಿತು ಅಂತ ಸಭೆಯಲ್ಲಿ ಒಂದು ಸಲ ಓದಿಬಿಡಿ ಪಾಸ್ಟರ್, ಎಲ್ಲರಿಗೂ ಸಮಾಧಾನ ಅಂತ. ಆಗ ಏನೂ ಹೇಳಲಿಲ್ಲ. ಮುಂದಿನ ಭಾನುವಾರ ಪ್ರಸಂಗ ಪೂರ್ತಿ 'ಅಭಿಷಿಕ್ತನನ್ನು ಮುಟ್ಟಬೇಡ', ಅಂದರೆ ದೇವರು ಆರಿಸಿದವನ ತಂಟೆಗೆ ಹೋಗಬೇಡ ಅಂತ. ನನ್ನ ಹೆಸರು ಹೇಳಲಿಲ್ಲ, ಆದರೆ ಮುಂದೆ ಕೂತಿದ್ದ ಆಂಟಿಯರೆಲ್ಲ ತಿರುಗಿ ನನ್ನನ್ನೇ ನೋಡಿದರು. ಮನೆಯಲ್ಲಿ ಹೆಂಡತಿಗೂ ನನ್ನ ಮೇಲೆ ಸಿಟ್ಟು.

ನಮ್ಮ ಬೀದಿಯ ಸ್ತ್ರೀಶಕ್ತಿ ಸಂಘದಲ್ಲಿ ನೂರು ರೂಪಾಯಿಗೂ ಪುಸ್ತಕ ಇದೆ, ವಾರ ವಾರ ಓದುತ್ತಾರೆ. ಸಭೆಯಲ್ಲಿ ಕೇಳಿದರೆ ಮಾತ್ರ ಪಾಪ ಹೇಗಾಗುತ್ತದೆ?

ಅಪೊಸ್ತಲರ, ಅಂದರೆ ಯೇಸು ಕಳಿಸಿದ ಮೊದಲ ಶಿಷ್ಯರ ಕಾಲದಲ್ಲಿ ಸಭೆ ನಡೆಸುತ್ತಿದ್ದದ್ದು ಯಾರು, ಒಬ್ಬರೇನಾ? ಅವರನ್ನು ಯಾರಾದರೂ ಪ್ರಶ್ನೆ ಮಾಡಬಹುದಿತ್ತಾ? ಬೈಬಲ್ಲಿನಿಂದ, ಚರಿತ್ರೆಯಿಂದ ಗೊತ್ತಿರುವವರು ಹೇಳಿ. 'ಪ್ರಾರ್ಥನೆ ಮಾಡಿ ಬ್ರದರ್' ಅಂತ ಮಾತ್ರ ಬರೆಯಬೇಡಿ, ಅದನ್ನು ಮಾಡುತ್ತಲೇ ಇದ್ದೇನೆ.

ಕೋಲಾರದ ಕಿರಿಕ್

ಬೇರೆ ಸಭೆ ನೋಡಿಕೊಳ್ಳಿ ಬ್ರದರ್. ನಾನು ಈಗಾಗಲೇ ಮೂರು ಬದಲಾಯಿಸಿದ್ದೇನೆ.

ಮೇಷ್ಟ್ರು, ಚಿಕ್ಕಬಳ್ಳಾಪುರ

ಮೂರು ಬದಲಾಯಿಸಿ ನಿಮಗೆ ಸಿಕ್ಕಿದ್ದೇನು ಅಂತಲೂ ಹೇಳಿಬಿಡಿ ಸ್ವಾಮಿ. ಇರಲಿ.

ತಮ್ಮಾ, ಮೊದಲು ಆ ವಚನ. ಕೀರ್ತನೆ 105 ತೆಗೆದು ಮೊದಲಿನಿಂದ ಓದು. ಅಲ್ಲಿ ಅಭಿಷಿಕ್ತರು ಅಂದರೆ ಅಬ್ರಹಾಮ, ಇಸಾಕ, ಯಾಕೋಬ. ಸ್ವಂತ ನೆಲ ಇಲ್ಲದೆ ದೇಶದಿಂದ ದೇಶಕ್ಕೆ ಅಲೆಯುತ್ತಿದ್ದ ಜನ. ಮುಟ್ಟಬೇಡಿ ಅಂತ ದೇವರು ಗದರಿದ್ದು ರಾಜರನ್ನು. ದಿಕ್ಕಿಲ್ಲದವರನ್ನು ದೊರೆಗಳಿಂದ ಕಾಯಲು ಹೇಳಿದ ಮಾತನ್ನು ತಂದು ಪ್ರಶ್ನೆ ಕೇಳಿದ ಹುಡುಗನ ಮೇಲೆ ಬಿಟ್ಟರೆ ಹೇಗೆ? ದಾವೀದ ತನ್ನನ್ನು ಕೊಲ್ಲಲು ಬಂದ ಅಭಿಷಿಕ್ತ ರಾಜ ಸೌಲನ ಮೇಲೆ ಕೈ ಮಾಡಲಿಲ್ಲ, ನಿಜ. ಆದರೆ ಗವಿಯಿಂದ ಹೊರಗೆ ಬಂದು, ನನ್ನದೇನು ತಪ್ಪು, ಯಾಕೆ ಬೆನ್ನು ಹತ್ತಿದ್ದೀಯ ಅಂತ ಕೂಗಿ ಕೇಳಿದನಲ್ಲ. ಬಾಯಿ ಮುಚ್ಚಿಕೊಂಡು ಇರಲಿಲ್ಲ.

ಈಗ ನಿನ್ನ ಪ್ರಶ್ನೆ. ಅಪೊಸ್ತಲರ ಕೃತ್ಯಗಳು 20ರಲ್ಲಿ ಅಪೊಸ್ತಲ ಪೌಲ ಮಿಲೇತದಿಂದ ಎಫೆಸಕ್ಕೆ ಹೇಳಿಕಳುಹಿಸಿ 'ಸಭೆಯ ಹಿರಿಯರನ್ನು' ಕರೆಸುತ್ತಾನೆ. ಒಬ್ಬರನ್ನಲ್ಲ, ಹಲವರನ್ನು. ಅದೇ ಜನರನ್ನು ಹತ್ತು ವಚನ ದಾಟಿದ ಮೇಲೆ 'ಅಧ್ಯಕ್ಷರು' ಅನ್ನುತ್ತಾನೆ. ಬಿಷಪ್ ಅನ್ನುವ ಪದದ ಮೂಲ ಅದೇ ಗ್ರೀಕ್ ಮಾತು. ಆಗ ಹಿರಿಯ ಬೇರೆ, ಬಿಷಪ್ ಬೇರೆ ಆಗಿರಲಿಲ್ಲ. ತೀತನಿಗೆ ಬರೆದ ಪತ್ರದಲ್ಲೂ ಹಾಗೇ. ಫಿಲಿಪ್ಪಿಯವರ ಪತ್ರದ ಮೊದಲ ಸಾಲಲ್ಲೇ ಸಭಾಧ್ಯಕ್ಷರು, ಸಭಾಸೇವಕರು, ಎರಡೂ ಬಹುವಚನ.

ಪ್ರಶ್ನೆ ಕೇಳಿದ್ದಕ್ಕೆ ಏನಾಯಿತು ಅಂತ ಬೇಕಾದರೆ ಕೃತ್ಯಗಳು 6 ನೋಡು. ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಬಿಡುತ್ತಿದ್ದಾರೆ ಅಂತ ಗುಣುಗುಟ್ಟು ಎದ್ದಿತು. ಅಪೊಸ್ತಲರು ನಮ್ಮನ್ನೇ ಕೇಳುತ್ತೀರಾ ಅನ್ನಲಿಲ್ಲ. ನೀವೇ ಏಳು ಜನರನ್ನು ಆರಿಸಿ ಅಂದರು. ಆರಿಸಿದ ಏಳೂ ಹೆಸರು ಗ್ರೀಕ್ ಹೆಸರುಗಳೇ! ದೂರು ಹೇಳಿದ ಕಡೆಯವರ ಕೈಗೇ ಸೌಟು ಕೊಟ್ಟ ಹಾಗೆ ಕಾಣುತ್ತದೆ ನನಗೆ.

ದುಡ್ಡಿನ ವಿಷಯಕ್ಕೆ ಇನ್ನೂ ನೇರವಾದದ್ದು 2 ಕೊರಿಂಥ 8. ಯೆರೂಸಲೇಮಿನ ಬಡವರಿಗೆ ಪೌಲ ಕಾಣಿಕೆ ಎತ್ತುತ್ತಿದ್ದಾನೆ. ಅದನ್ನು ಒಬ್ಬನೇ ಜೋಳಿಗೆಗೆ ಹಾಕಿಕೊಂಡು ಹೊರಡಲಿಲ್ಲ. ಸಭೆಗಳೇ ಆರಿಸಿದ ಒಬ್ಬ ಸಹೋದರನನ್ನು ಜೊತೆಗೆ ಇಟ್ಟುಕೊಂಡ. ಕಾರಣವನ್ನೂ ಅವನೇ ಬರೆದಿದ್ದಾನೆ: ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ಕರ್ತನ ಮುಂದೆ ಮಾತ್ರ ಅಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಅಂತ. ಪೌಲನಿಗೇ ಬೇಕಾಗಿತ್ತು ತಮ್ಮಾ. ನಮ್ಮ ಕಡೆ ಹಾಲಿನ ಡೈರಿಯಲ್ಲಿ ಸೆಕ್ರೆಟರಿ ಎಷ್ಟೇ ಸಾಚಾ ಇರಲಿ, ಫ್ಯಾಟ್ ಎಷ್ಟು ಬಂತು ಅಂತ ಜನ ಕತ್ತು ಚಾಚಿ ನೋಡಿಯೇ ನೋಡುತ್ತಾರೆ. ಅದಕ್ಕೆ ಅವರೂ ಮುನಿಸಿಕೊಳ್ಳುವುದಿಲ್ಲ.

ಇನ್ನೊಂದು ಮಾತು, ಇದು ನಮ್ಮೂರಿನ ಹೆಮ್ಮೆ ಅಂತಲೇ ಇಟ್ಟುಕೋ. ಚಿಕ್ಕಬಳ್ಳಾಪುರಕ್ಕೆ ಬಂದದ್ದು ಲಂಡನ್ ಮಿಷನ್ ಅನ್ನುವ ಇಂಗ್ಲೆಂಡಿನ ಮಿಷನರಿ ಸಂಘ. ಆ ಮಿಷನ್ 1796ರಲ್ಲೇ ಒಂದು ನಿಯಮ ಮಾಡಿಕೊಂಡಿತ್ತು, ಸಭೆಯ ಆಡಳಿತ ಯಾವ ಥರ ಇರಬೇಕು ಅಂತ ನಾವು ಹೇರುವುದಿಲ್ಲ, ನಂಬಿದ ಜನವೇ ತೀರ್ಮಾನ ಮಾಡಿಕೊಳ್ಳಲಿ ಅಂತ. ನಿಮ್ಮ ತುಮಕೂರು ಗುಬ್ಬಿ ಕಡೆ ವೆಸ್ಲಿಯನ್ನರು, ಅಂದರೆ ಇಂಗ್ಲೆಂಡಿನ ಮೆಥಡಿಸ್ಟರು. 1947ರ ಸೆಪ್ಟೆಂಬರ್ 27ಕ್ಕೆ ಇವರೆಲ್ಲ ಆಂಗ್ಲಿಕನ್ನರ (ಇಂಗ್ಲೆಂಡಿನ ಚರ್ಚಿನವರು) ಜೊತೆ ಕೂಡಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ ಆಯಿತು, ಕೋಲಾರದ ಅಮೆರಿಕನ್ ಮೆಥಡಿಸ್ಟರು ಮಾತ್ರ ಸೇರಲಿಲ್ಲ. ಬಿಷಪ್ಪೇ ಇಲ್ಲದಿದ್ದ ನಮ್ಮವರು ಬಿಷಪ್‌ಗೆ ಒಪ್ಪಿದರು, ಆದರೆ ಕೌನ್ಸಿಲ್, ಸಿನೊಡ್, ಪಾಸ್ಟರೇಟ್ ಕಮಿಟಿ ಅಂತ ಜನರೂ ಕೂರುವ ಮಂಡಳಿಗಳೆಲ್ಲ ಇರಲಿ ಅಂತ ಹೇಳಿ ಒಪ್ಪಿದರು. ಆಸ್ತಿಯೂ ಯಾವ ಅಯ್ಯನವರ ಹೆಸರಲ್ಲೂ ಇರುವುದಿಲ್ಲ, ಟ್ರಸ್ಟ್ ಅಸೋಸಿಯೇಷನ್ ಹೆಸರಲ್ಲಿ.

ಕೆಜಿಎಫ್ ಅಕ್ಕ

ಮೇಷ್ಟ್ರು ಚೆನ್ನಾಗಿ ಹೇಳಿದರು, ಆದರೆ ತಮಗೆ ಬೇಕಾದಲ್ಲಿ ನಿಲ್ಲಿಸಿಬಿಟ್ಟರು. ನಾನು ಕಥೋಲಿಕಳು, ನಮ್ಮಲ್ಲಿ ಅಪೊಸ್ತಲರಿಗೆ ಪ್ರೇಷಿತರು ಅನ್ನುತ್ತೇವೆ, ಸ್ವಲ್ಪ ಮುಂದಿನ ಕಥೆ ನಾನು ಹೇಳುತ್ತೇನೆ.

ಸುಮಾರು ಕ್ರಿ.ಶ. 96ರಲ್ಲಿ ಕೊರಿಂಥದ ಸಭೆಯವರು ತಮ್ಮ ಹಿರಿಯರಲ್ಲಿ ಕೆಲವರನ್ನು ಕಿತ್ತುಹಾಕಿದರು. ಹಣ ತಿಂದಿದ್ದಕ್ಕಲ್ಲ, ಸುಮ್ನೆ ಗುಂಪುಗಾರಿಕೆ. ರೋಮಿನ ಸಭೆ ಉದ್ದದ ಪತ್ರ ಬರೆದು ಬೈಯಿತು. ಇಡೀ ಸಭೆಯ ಒಪ್ಪಿಗೆಯಿಂದ ನೇಮಕವಾಗಿ ಸರಿಯಾಗಿ ಸೇವೆ ಮಾಡಿದವರನ್ನು ತೆಗೆಯುವುದು ಅನ್ಯಾಯ ಅಂತ. ಅಂದರೆ ಜನ ಹೇಳಿದ್ದೆಲ್ಲ ಸರಿ ಅಂತ ಆಗಲೂ ಇರಲಿಲ್ಲ. ಅದಾದ ಸ್ವಲ್ಪ ವರ್ಷಕ್ಕೆ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್, ಅವರನ್ನು ಕೊಲ್ಲಲು ರೋಮಿಗೆ ಎಳೆದುಕೊಂಡು ಹೋಗುತ್ತಿದ್ದಾರೆ, ದಾರಿಯಲ್ಲಿ ಏಳು ಪತ್ರ ಬರೆದರು. ಊರಿಗೆ ಒಬ್ಬ ಬಿಷಪ್, ಸುತ್ತ ಹಿರಿಯರು, ಅವನನ್ನು ಬಿಟ್ಟು ಏನೂ ಮಾಡಬೇಡಿ ಅಂತ ಒತ್ತಿ ಒತ್ತಿ ಹೇಳಿದರು. ಯಾಕೆ? ಹೊರಗೆ ಹಿಂಸೆ, ಒಳಗೆ ದಿನಕ್ಕೊಬ್ಬ ಹೊಸ ಬೋಧಕ. ಹಿಡಿದುಕೊಳ್ಳಲು ಒಂದು ಕಂಬ ಬೇಕಾಗಿತ್ತು. ನನಗಂತೂ ಅದು ತಪ್ಪು ಅನ್ನಿಸುವುದಿಲ್ಲ. ಒಬ್ಬ ನಾಯಕ ಇರುವುದೇ ರೋಗ ಅನ್ನುವ ಹಾಗೆ ಮೇಷ್ಟ್ರು ಬರೆದದ್ದು ಓದಿದರೆ ಅನ್ನಿಸುತ್ತದೆ, ಅದಕ್ಕೆ ಹೇಳಿದೆ.

ಆದರೆ ಆ ಒಬ್ಬನನ್ನು ತಂದದ್ದು ಜನ. 374ರಲ್ಲಿ ಮಿಲಾನಿನವರು ಅಂಬ್ರೋಸ್ ಅವರನ್ನು ಬಿಷಪ್ ಆಗಲಿ ಅಂತ ಕೂಗಿದಾಗ ಅವರಿಗೆ ಇನ್ನೂ ದೀಕ್ಷಾಸ್ನಾನವೇ ಆಗಿರಲಿಲ್ಲ, ಜಗಳ ಬಿಡಿಸಲು ಬಂದಿದ್ದ ಸರ್ಕಾರಿ ಅಧಿಕಾರಿ! ಕಾರ್ಥೇಜಿನ ಬಿಷಪ್ ಸಿಪ್ರಿಯನ್ ತಮ್ಮ ಹಿರಿಯರಿಗೆ ಬರೆದಿದ್ದಾರೆ, ನಿಮ್ಮ ಸಲಹೆ, ಜನರ ಒಪ್ಪಿಗೆ ಇಲ್ಲದೆ ನನ್ನ ಸ್ವಂತ ಅಭಿಪ್ರಾಯದ ಮೇಲೆ ಏನೂ ಮಾಡಬಾರದು ಅಂತ ಮೊದಲೇ ತೀರ್ಮಾನ ಮಾಡಿದ್ದೇನೆ ಅಂತ. ಈಗ ನಮ್ಮಲ್ಲಿ ಬಿಷಪ್ಪರನ್ನು ಪೋಪ್ ನೇಮಿಸುತ್ತಾರೆ, ನಮ್ಮನ್ನು ಯಾರೂ ಕೇಳುವುದಿಲ್ಲ, ಒಪ್ಪಿಕೊಳ್ಳುತ್ತೇನೆ. ಆದರೂ 1983ರ ಕಥೋಲಿಕ ಧರ್ಮಸಭೆಯ ಕಾನೂನಿನಲ್ಲಿ ಪ್ರತಿ ಧರ್ಮಕೇಂದ್ರಕ್ಕೂ (ಪ್ಯಾರಿಷ್) ಹಣಕಾಸು ಸಮಿತಿ ಇರಲೇಬೇಕು. ಫಾದರ್‌ಗೆ ಇಷ್ಟ ಇದ್ದರೆ ಮಾಡಿ ಅಂತಲ್ಲ, ಇರಲೇಬೇಕು.

ಸಿರಾಗೇಟ್ ತಮ್ಮನಿಗೆ ಒಂದು ವಿಷಯ. ಮೇಷ್ಟ್ರು ಹೇಳಿದ ಅದೇ ಫಿಲಿಪ್ಪಿ ಸಭೆಯಲ್ಲಿ ಮುಂದೆ ವಾಲೆನ್ಸ್ ಅಂತ ಒಬ್ಬ ಹಿರಿಯ ದುಡ್ಡಿನ ಆಸೆಯಲ್ಲಿ ಬಿದ್ದ, ಹೆಂಡತಿಯೂ ಜೊತೆಗೆ. ಸ್ಮುರ್ನದ ಬಿಷಪ್ ಪೊಲಿಕಾರ್ಪ್ ಆ ಸಭೆಗೆ ಬರೆದರು. ತಪ್ಪನ್ನು ಮುಚ್ಚಿಡಲಿಲ್ಲ, ಹೆಸರು ಹಿಡಿದೇ ಬರೆದರು. ಆದರೆ ಅವರನ್ನು ಶತ್ರುಗಳ ಹಾಗೆ ನೋಡಬೇಡಿ, ಹುಷಾರಿಲ್ಲದ ಅಂಗ ಅಂದುಕೊಂಡು ವಾಪಸ್ಸು ಕರೆದುಕೊಳ್ಳಿ ಅಂದರು. ನಿಮ್ಮ ಪಾಸ್ಟರ್ ತಪ್ಪು ಮಾಡಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಬೆಂಚಿನ ಮೇಲೆ ಮಲಗಿದ ಮನುಷ್ಯ, ಸ್ವಲ್ಪ ನೋಡಿ ಮಾತಾಡಿ.

ಹಳ್ಳಿ ಪಾಲಕ

ನಾನೂ ಪಾಸ್ಟರೇ, ಪಾವಗಡ ಕಡೆ. ಬೈಯುವುದಾದರೆ ಓದಿ ಆಮೇಲೆ ಬೈಯಿರಿ.

ಪೌಲ ಗುಡಾರ ಹೊಲಿದು ತನ್ನ ಅನ್ನ ತಾನೇ ದುಡಿದುಕೊಂಡ ಅಂತ ಎಲ್ಲರೂ ಹೇಳುತ್ತಾರೆ. ಅದೇ ಪೌಲ 1 ಕೊರಿಂಥ 9ರಲ್ಲಿ ಕಣ ತುಳಿಯುವ ಎತ್ತಿನ ಬಾಯಿ ಕಟ್ಟಬೇಡಿ, ಅಂದರೆ ಸೇವೆ ಮಾಡುವವನಿಗೂ ಊಟ ಬೇಕು ಅಂತಲೂ ಬರೆದ. ರಾಗಿ ಕಣ ನೋಡಿದವರಿಗೆ ಅರ್ಥವಾಗುತ್ತದೆ. ನಾನು ಹಗಲು ಆಟೋ ಓಡಿಸುತ್ತೇನೆ. ದಿದಾಖೆ ಅಂತ ಒಂದು ಹಳೇ ಪುಸ್ತಕ ಇದೆ, ಆದಿಸಭೆಯ ಕಾಲದ್ದು, ಅದರ ಪ್ರತಿ 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಿಕ್ಕಿತು. ಊರಿಗೆ ಬಂದ ಬೋಧಕ ಮೂರು ದಿನ ಉಳಿದುಕೊಂಡರೆ, ಇಲ್ಲವೇ ಹೊರಡುವಾಗ ದುಡ್ಡು ಕೇಳಿದರೆ ಅವನು ಸುಳ್ಳು ಪ್ರವಾದಿ ಅಂತ ಅದರಲ್ಲಿ ಇರುವುದನ್ನು ಜನ ನನಗೆ ವಾಟ್ಸಾಪ್ ಮಾಡುತ್ತಾರೆ. ಅದೇ ಪುಸ್ತಕದಲ್ಲಿ ಎರಡು ಅಧ್ಯಾಯ ಮುಂದೆ ಹೋದರೆ, ನಿಮ್ಮಲ್ಲೇ ನೆಲೆ ನಿಂತ ನಿಜವಾದ ಪ್ರವಾದಿಗೆ ಕಣದ ಮೊದಲ ಪಾಲು ಕೊಡಿ ಅಂತಲೂ ಇದೆ. ಅದನ್ನು ಯಾರೂ ಕಳಿಸುವುದಿಲ್ಲ ನೋಡಿ.

ಸೈಟ್ ವಿಷಯ. ಸಭೆ ನೋಂದಣಿ ಆಗಿಲ್ಲದಿದ್ದರೆ ಸಭೆಯ ಹೆಸರಿಗೆ ಬರೆಸಲು ಆಗುವುದಿಲ್ಲ. ಯಾರದೋ ಒಬ್ಬ ಮನುಷ್ಯನ ಹೆಸರು ಬೇಕು, ಆಗ ಎಲ್ಲರೂ ಪಾಸ್ಟರ್ ಮುಖ ನೋಡುತ್ತಾರೆ. ನನಗೂ ಹೀಗೇ ಆಯಿತು. ನಾಳೆ ನಾನು ಸತ್ತರೆ ನನ್ನ ಮಕ್ಕಳಿಗೂ ಸಭೆಗೂ ಕೋರ್ಟಲ್ಲಿ ಜಗಳ, ಅದನ್ನು ಯೋಚಿಸಿ ಎಷ್ಟೋ ರಾತ್ರಿ ನಿದ್ದೆ ಬಂದಿಲ್ಲ. ಆದರೆ ಆ ಪ್ರಸಂಗ ತಪ್ಪು. ಒಬ್ಬನೇ ಬಂದು ಕೇಳಿದವನಿಗೆ ಎಲ್ಲರ ಮುಂದೆ ಉತ್ತರ ಕೊಡಬಾರದಿತ್ತು. 3 ಯೋಹಾನದಲ್ಲಿ ದಿಯೊತ್ರೇಫ ಅಂತ ಒಬ್ಬ ಬರುತ್ತಾನೆ, ಎಲ್ಲದರಲ್ಲೂ ತಾನೇ ಮೊದಲು ಇರಬೇಕು ಅನ್ನುವವನು. ನಾವು ಪಾಸ್ಟರುಗಳು ಅದರ ಮೇಲೆ ಪ್ರಸಂಗ ಮಾಡುವುದು ಕಡಿಮೆ.

ಮೇಷ್ಟ್ರು, ಚಿಕ್ಕಬಳ್ಳಾಪುರ

ಅಕ್ಕಾವ್ರೇ, ಒಬ್ಬ ನಾಯಕ ಇರಬಾರದು ಅಂತ ನಾನು ಹೇಳಲಿಲ್ಲ. ಸರಿ, ಬಿಡಿ, ಹಾಗೆ ಕೇಳಿಸಿರಬಹುದು.

ಪಾಲಕರು ಹೇಳಿದ್ದಕ್ಕೆ ದಾರಿ ಇದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಏಳು ಜನ ಇದ್ದರೆ ಸಂಘ ಮಾಡಬಹುದು. ಬೈಲಾ ಬರೆದು ಜಿಲ್ಲಾ ನೋಂದಣಾಧಿಕಾರಿ ಹತ್ತಿರ ಕೊಡಬೇಕು, ವರ್ಷಕ್ಕೊಮ್ಮೆ ಲೆಕ್ಕ ಸಲ್ಲಿಸಬೇಕು. ಕ್ರಯಪತ್ರ ಆಗುವ ಮೊದಲೇ ಮಾಡಿಕೊಳ್ಳಿ. ಏಳು ಅಂದಾಗ ಕೃತ್ಯಗಳು 6 ನೆನಪಾಯಿತು, ಸುಮ್ನೆ ಹೇಳಿದೆ.

ಸಿರಾಗೇಟ್ ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಸಂಜೆ ಪಾಸ್ಟರ್ ಮನೆಗೆ ಹೋಗಿದ್ದೆ. 2 ಕೊರಿಂಥ 8 ಓದೋಣವಾ ಅಂದೆ, ಓದಿದರು, ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಬೀರುವಿನಿಂದ ಒಂದು ಪ್ಲಾಸ್ಟಿಕ್ ಕವರ್ ತಂದರು. ಪುಸ್ತಕ ಅಲ್ಲ, ಬಿಡಿ ಹಾಳೆಗಳು, ಕ್ಯಾಲೆಂಡರ್ ಹಿಂಬದಿ, ಎಲ್ಲ ಅವರ ಮನೆಯವರ ಕೈಬರಹ. ಅಲ್ಲೇ ಕೂಡಿಸಿದೆವು, ಹನ್ನೊಂದು ಗಂಟೆ ಆಯಿತು. ನಾಲ್ಕು ಸಾವಿರದಷ್ಟು ಹೊಂದುತ್ತಿಲ್ಲ, ಅವರು ತಮ್ಮ ಕೈಯಿಂದಲೇ ಹಾಕಿರುವುದು ಬರೆದಿಟ್ಟಿಲ್ಲ ಅನ್ನುತ್ತಾರೆ. ನಂಬಿದೆ, ಆದರೆ ಅದನ್ನೂ ಓದಿ ಅಂದೆ. ಹ್ಞೂಂ ಅಂದಿದ್ದಾರೆ. ಮುಖ ಅಷ್ಟೇನೂ ಗೆಲುವಾಗಿರಲಿಲ್ಲ.

ಅಗ್ರಿಮೆಂಟ್ ಕಥೆ ಪಾಲಕರು ಹೇಳಿದ ಹಾಗೇ. ಸಂಘ ಮಾಡೋಣ ಅಂತಾಯಿತು. ಐದು ಹೆಸರು ಸಿಕ್ಕಿವೆ. ಆರನೆಯದು ನನ್ನ ಹೆಂಡತಿ, ಆದರೆ ಲೆಕ್ಕ ಓದುವುದು ತಾನೇ ಅಂತೆ, ನಾನು ಓದಿದರೆ ಜಗಳ ತೆಗೆಯುತ್ತೇನಂತೆ. ಏಳನೆಯವರು ಇನ್ನೂ ಸಿಕ್ಕಿಲ್ಲ. ಸಹಿ ಅಂದ ತಕ್ಷಣ ಎಲ್ಲರಿಗೂ ಏನೋ ಕೆಲಸ ನೆನಪಾಗುತ್ತದೆ.

ಕೋಲಾರದ ಕಿರಿಕ್

ಕೋಲಾರದವರು ಆಗುತ್ತಾರಾ?