ಬಿಪಿಡಿಗೆ ಡಿಬಿಟಿ ಮಾಡಿಸಿ ಅಂದಿದ್ದಾರೆ, ಕೊಡಗಿನಲ್ಲಿದ್ದುಕೊಂಡು ಹೇಗೆ?

ಸೋಮವಾರಪೇಟೆಯವ:
ತಂಗಿಗೆ 24 ವರ್ಷ. ಡಾಕ್ಟರ್ ಚೀಟಿಯಲ್ಲಿ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ (ಬಿಪಿಡಿ) ಎಂದು ಬರೆದು, ಡಿಬಿಟಿ ಥೆರಪಿ ಮಾಡಿಸಿ ಅಂದಿದ್ದಾರೆ. ಮಾತ್ರೆಯಿಂದಲೇ ಆಗಲ್ವಾ? ಥೆರಪಿಸ್ಟ್ ಸರಿಯಾದವರೇ ಎಂದು ತಿಳಿಯೋದು ಹೇಗೆ? ಪ್ರತಿ ವಾರ ಬೆಂಗಳೂರಿಗೆ ಹೋಗಿಬರಲು ಆಗದು.

ಆಪ್ತಸಮಾಲೋಚಕಿ, ಕುಶಾಲನಗರ:
ಬಿಪಿಡಿ ಎಂದರೆ ಭಾವನೆಗಳು ತುಂಬ ಜೋರಾಗಿ ಏರಿಳಿಯುವ, ಹತ್ತಿರದವರು ಬಿಟ್ಟುಹೋಗುತ್ತಾರೆ ಎಂಬ ಭಯ ಕಾಡುವ ಮಾನಸಿಕ ತೊಂದರೆ. ಅದಕ್ಕೆಂದೇ ಇರುವ ಮಾತ್ರೆ ಇಲ್ಲ. ಜೊತೆಗಿರುವ ಖಿನ್ನತೆ, ಆತಂಕಕ್ಕೆ ಕೊಡುತ್ತಾರೆ. ಹಾಗಂತ ಈಗಿನದನ್ನು ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.

ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಎಂದರೆ ಜೋರಾದ ಭಾವನೆಗಳನ್ನು ನಿಭಾಯಿಸುವ ಕೌಶಲ ಕಲಿಸುವ ಮಾತಿನ ಚಿಕಿತ್ಸೆ. ರೂಪಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲೈನೆಹನ್. ಪೂರ್ತಿ ಡಿಬಿಟಿ ಎಂದರೆ ವಾರಕ್ಕೊಂದು ಒಬ್ಬರದೇ ಸೆಷನ್, ವಾರಕ್ಕೊಂದು ಎರಡು ಎರಡೂವರೆ ಗಂಟೆಯ ಗುಂಪು ತರಗತಿ, ಕಷ್ಟದ ಹೊತ್ತಿಗೆ ಫೋನಿನಲ್ಲಿ ಸಹಾಯ. ಥೆರಪಿಸ್ಟ್‌ಗಳೂ ವಾರಕ್ಕೊಮ್ಮೆ ತಮ್ಮ ತಂಡದಲ್ಲಿ ಕೂತು ಚರ್ಚಿಸಬೇಕು. ಪಾಠಗಳ ಒಂದು ಸುತ್ತಿಗೆ ಸುಮಾರು 24 ವಾರ, ಅದನ್ನೇ ಇನ್ನೊಮ್ಮೆ ಮಾಡಿದರೆ ಒಂದು ವರ್ಷ.

ಬೋರ್ಡಿನಲ್ಲಿ ಡಿಬಿಟಿ ಎಂದಿದ್ದರೂ ಹಲವರು ಕಲಿಸುವುದು ಒಂದೆರಡು ಕೌಶಲ ಮಾತ್ರ. ಅದೂ ಉಪಯೋಗವೇ, ಆದರೆ ಗೊತ್ತಿದ್ದು ಸೇರಿ. ಮೊದಲ ಫೋನಿನಲ್ಲೇ ಕೇಳಿ: ಗುಂಪು ತರಗತಿ ಇದೆಯಾ? ಡೈರಿ ಕಾರ್ಡ್ ಬರೆಸ್ತೀರಾ? ಸೆಷನ್ ನಡುವೆ ಫೋನ್ ಮಾಡಬಹುದಾ, ಎಷ್ಟು ಗಂಟೆಯವರೆಗೆ? ಡೈರಿ ಕಾರ್ಡ್ ಎಂದರೆ ದಿನದ ಭಾವನೆಗಳಿಗೆ, ತನಗೆ ತಾನೇ ನೋವು ಮಾಡಿಕೊಳ್ಳುವ ತುಡಿತಕ್ಕೆ 0ಯಿಂದ 5ರವರೆಗೆ ಅಂಕ ಹಾಕುವ ಹಾಳೆ. ಅದನ್ನು ನೋಡಿಯೇ ಸೆಷನ್ನಿನಲ್ಲಿ ಏನು ಮಾತಾಡಬೇಕೆಂದು ತೀರ್ಮಾನ. ಜೀವಕ್ಕೆ ಅಪಾಯ ಇರುವುದು ಮೊದಲು, ಆಮೇಲೆ ಸೆಷನ್ ತಪ್ಪಿಸುವಂಥ ಅಡ್ಡಿಗಳು, ಉಳಿದದ್ದು ನಂತರ. ಎರಡನೇ ವಾರಕ್ಕೇ ಬಾಲ್ಯದ ಗಾಯ ಕೆದಕುವವರಾದರೆ ದಯವಿಟ್ಟು ಯೋಚಿಸಿ. ತಡೆದುಕೊಳ್ಳುವ ಕೌಶಲ ಕೈಗೆ ಬರುವ ಮೊದಲೇ ಕೆದಕಿದರೆ ಹಲವರು ಇನ್ನಷ್ಟು ಕುಸಿಯುತ್ತಾರೆ.

ಮಡಿಕೇರಿ ಓದುಗ:
ಮಾತ್ರೆಯ ಫಾಲೋಅಪ್‌ಗೆ ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ವಿಚಾರಿಸಿ. ವಿವರವಾದ ತಪಾಸಣೆ ಬೇಕೆಂದರೆ ಒಮ್ಮೆ ನಿಮ್ಹಾನ್ಸ್. ವಾರದ ಸೆಷನ್ ಆನ್‌ಲೈನ್ ಇಟ್ಟುಕೊಳ್ಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದವರ ಬಳಿ ಆರ್‌ಸಿಐ (ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ) ನೋಂದಣಿ ಸಂಖ್ಯೆ ಕೇಳಿ, ಕೇಳುವುದು ತಪ್ಪಲ್ಲ.

ಜೂನ್‌ನಿಂದ ಆಗಸ್ಟ್‌ವರೆಗೆ ಕರೆಂಟೂ ನೆಟ್‌ವರ್ಕೂ ನಂಬುವಂತಿಲ್ಲವಲ್ಲ. ವಿಡಿಯೊ ಕಡಿದರೆ ಫೋನ್, ಫೋನೂ ಹೋದರೆ ಬದಲಿ ಸೆಷನ್ ಯಾವ ದಿನ ಯಾವ ಹೊತ್ತು ಎಂದು ಮೇ ತಿಂಗಳಲ್ಲೇ ಬರೆದಿಟ್ಟುಕೊಳ್ಳಿ. ಇಲ್ಲವಾದರೆ ಕಡಿದ ಲೈನನ್ನೂ ನಿಮ್ಮ ತಂಗಿ "ಅವರೂ ನನ್ನ ಬಿಟ್ಟರು" ಎಂದು ಓದಿಕೊಳ್ಳುತ್ತಾರೆ. ಮನೆಯಲ್ಲಿ ಎಲ್ಲರಿಗೂ ಕೇಳಿಸುತ್ತದೆ ಎಂದಾದರೆ ಅಂಗಳದಲ್ಲಿ ನಿಲ್ಲಿಸಿದ ಕಾರೂ ಆಗುತ್ತದೆ.

ಸೋಮವಾರಪೇಟೆಯವ:
ಇಬ್ಬರಿಗೂ ಥ್ಯಾಂಕ್ಸ್. ಫೋನ್ ಎತ್ತೋದು ತಡವಾದರೆ ಸಾಕು, ನೀವೆಲ್ಲ ನನ್ನ ಬಿಟ್ಟುಹೋಗ್ತೀರಿ ಎಂದು ಕೂಗಾಡ್ತಾಳೆ. ಆಗ ಮನೆಯವರು ಏನು ಮಾಡಬೇಕು?

ಆಪ್ತಸಮಾಲೋಚಕಿ, ಕುಶಾಲನಗರ:
"ಅಷ್ಟಕ್ಕೆಲ್ಲ ಅಳ್ತೀಯಾ" ಅನ್ನಬೇಡಿ, ವಾದವನ್ನೂ ಮಾಡಬೇಡಿ. "ಫೋನ್ ಎತ್ತದಿದ್ದಾಗ ನಿಂಗೆ ಭಯ ಆಯ್ತು, ಗೊತ್ತಾಯ್ತು" ಎನ್ನಿ. ಭಯವನ್ನು ಒಪ್ಪಿದಿರಿ, ಆರೋಪವನ್ನಲ್ಲ. ದನಿ ಇಳಿಯದಿದ್ದರೆ "ಜಗಲಿಯಲ್ಲಿರ್ತೀನಿ, ಎಂಟು ಗಂಟೆಗೆ ಬರ್ತೀನಿ" ಎಂದು ಹೇಳಿ ಎದ್ದುಹೋಗಿ. ಎಂಟಕ್ಕೆ ಬಂದೇ ಬರಬೇಕು, ಐದು ನಿಮಿಷ ತಡವೂ ಅವಳಿಗೆ ದೊಡ್ಡದು. ಅವಳು ತಣ್ಣೀರಲ್ಲಿ ಸುಮಾರು 30 ಸೆಕೆಂಡ್ ಉಸಿರು ಹಿಡಿದು ಮುಖ ಅದ್ದಿದರೆ ಎದೆಬಡಿತ ಇಳಿಯುತ್ತದೆ; ಹೃದಯದ ತೊಂದರೆ ಇದ್ದರೆ ಬೇಡ.

ಇದನ್ನು ಇವತ್ತೇ ಮಾಡಿ. ಮನೆಯಲ್ಲಿ ಕೋವಿ ಇದ್ದರೆ, ಕಾನೂನು ಒಪ್ಪುವ ರೀತಿಯಲ್ಲಿ ಬೇರೆ ಕಡೆ ಇಡಿಸಿ. ಅಲ್ಲಿಯವರೆಗೆ ಕೋವಿ ಒಂದು ಕಡೆ, ತೋಟ ಒಂದು ಕಡೆ ಬೀಗದಲ್ಲಿರಲಿ, ಕೀ ನಿಮ್ಮ ಬಳಿ. ತೋಟದ ಔಷಧಿಗೂ ಬೀಗ. ಮಾತ್ರೆ ಒಂದು ವಾರದ್ದಷ್ಟೇ ಅವಳ ಕೈಯಲ್ಲಿರಲಿ. ರಾತ್ರಿ ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಉಚಿತ, 24 ಗಂಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಏನಾದರೂ ಮಾಡಿಕೊಂಡಿದ್ದರೆ ಅದಕ್ಕೂ ಕಾಯದೆ 108.

ಮಡಿಕೇರಿ ಓದುಗ:
ಕೋವಿ, ತೋಟ ಎಂದು ಬರೆದಿದ್ದೀರಿ, ಗುಂಡಿನ ತೋಟ ಎಂದೇ ತಿಳಿಯಿರಿ ಸೋಮವಾರಪೇಟೆಯವರೇ, ಕಾಫಿ ತೋಟ ಅಲ್ಲ.